ಮ್ಯಾಟಿನಡಿಯ ನೀರು ಎಲ್ಲಿಯದು?

ಹಳೆಯ ಕಾರಿನ ಮುಂದಿನ ಎಡಬಾಗಿಲು ತೆಗೆದು, ಕಾಲಿಡುವ ಜಾಗದ ರಬ್ಬರ್ ಮ್ಯಾಟ್ ಎತ್ತಿ. ಅದರ ಕೆಳಗೆ ಸೆಣಬಿನದೋ ಹತ್ತಿಚಿಂದಿಯದೋ ಒಂದು ದಪ್ಪ ಹಾಸು ಇರುತ್ತದೆ. ಬೆರಳಿಂದ ಒತ್ತಿದಾಗ ಅಲ್ಲಿ ನೀರು ಜಿನುಗಿದರೆ ಮಾಲೀಕರ ತಲೆನೋವು ಶುರುವಾಯಿತೆಂದೇ ಲೆಕ್ಕ. ಗ್ಯಾರೇಜಿಗೆ ಒಯ್ದು ನಿಲ್ಲಿಸುತ್ತಾರೆ. ಮೆಕ್ಯಾನಿಕ್ ಬೇರೆ ಗಾಡಿಯ ಕೆಲಸ ಮುಗಿಸಿ, ಊಟ ಮಾಡಿ ಬಂದು, ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಬಿಟ್ಟು ನೋಡುತ್ತಾನೆ. ‘ನೋಡ್ರಿ ಸಾರ್, ಒಂದ್ ಹನೀನೂ ಇಲ್ಲ’ ಅನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಅವನು ನೋಡಿದ ಹೊತ್ತಿನಲ್ಲಿ ಅದು ಸೋರುತ್ತಿರಲಿಲ್ಲ. ಕಾರಿನೊಳಗಿನ ಸೋರಿಕೆ ಹಿಡಿಯುವ ವಿದ್ಯೆಯಲ್ಲಿ ಮುಕ್ಕಾಲು ಪಾಲು ಆ ‘ಹೊತ್ತು’ ಯಾವುದೆಂದು ತಿಳಿಯುವುದೇ. ಎಲ್ಲಿ ಸೋರುತ್ತಿದೆ ಎಂಬುದು ಆಮೇಲಿನ ಮಾತು.

ಅದಕ್ಕೂ ಮೊದಲು ಒಂದು ಸರಳ ಪ್ರಶ್ನೆ ಇದೆ. ಎಂಜಿನ್ನಿನ ನೀರು ಕಾರಿನ ಒಳಕ್ಕೆ ಬರಲು ನಿಮ್ಮ ಕಾರಿನಲ್ಲಿ ದಾರಿ ಇದೆಯೆ?

ಪೆಟ್ರೋಲ್ ಉರಿದಾಗ ಹುಟ್ಟುವ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಹೆಚ್ಚೆಂದರೆ ಮೂರನೇ ಒಂದು ಪಾಲು. ಇನ್ನೊಂದು ಪಾಲು ಸೈಲೆನ್ಸರ್ ಮೂಲಕ ಹೊರಗೆ ಹೋಗುತ್ತದೆ. ಉಳಿದದ್ದನ್ನು ಎಂಜಿನ್ ಸುತ್ತ ಹರಿಯುವ ನೀರು ಹೊತ್ತೊಯ್ದು ರೇಡಿಯೇಟರಿನಲ್ಲಿ ಗಾಳಿಗೆ ಒಪ್ಪಿಸುತ್ತದೆ. ಚಳಿ ದೇಶದವರು ಈ ಬಿಸಿಯನ್ನು ದಂಡಮಾಡದೆ ಸ್ವಲ್ಪ ನೀರನ್ನು ಎರಡು ರಬ್ಬರ್ ಹೋಸುಗಳ ಮೂಲಕ ಕಾರಿನೊಳಕ್ಕೆ ತಿರುಗಿಸಿದರು. ಡ್ಯಾಶ್‌ಬೋರ್ಡಿನ ಹಿಂದೆ ಎರಡು ಅಂಗೈ ಅಗಲದ ಪುಟ್ಟ ರೇಡಿಯೇಟರ್ ಇಟ್ಟು ಅದರ ಬೆನ್ನಿಗೆ ಫ್ಯಾನ್ ಕೂರಿಸಿದರು. ಅದೇ ಹೀಟರ್ ಕೋರ್. ಎಂಜಿನ್ ತಣಿಸುವ ಈ ನೀರು, ಅಂದರೆ ಕೂಲಂಟ್, ಕಾರಿನೊಳಗೆ ಸೋರಬೇಕಾದರೆ ಇದರ ಮೂಲಕ, ಇಲ್ಲವೇ ಇದಕ್ಕೆ ಬರುವ ಹೋಸು, ವಾಲ್ವುಗಳ ಮೂಲಕವೇ ಸೋರಬೇಕು.

ಚಿತ್ರದುರ್ಗದ ಬಿಸಿಲಿಗೆ ಹೀಟರ್ ಯಾರಿಗೆ ಬೇಕು? ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಂಶಜನಾದ, ಉತ್ತರಪಾರಾದಿಂದ 2014ರವರೆಗೂ ಹೊರಬರುತ್ತಲೇ ಇದ್ದ ಅಂಬಾಸಿಡರ್ ಇರಲಿ, ಮುಂಬೈಯ ಕುರ್ಲಾದಲ್ಲಿ ತಯಾರಾದ ಪ್ರೀಮಿಯರ್ ಪದ್ಮಿನಿ ಇರಲಿ, ನಮ್ಮ ಬಯಲುಸೀಮೆಗೆ ಬಂದ ಹೆಚ್ಚಿನ ಗಾಡಿಗಳಲ್ಲಿ ಹೀಟರ್ ಇರಲೇ ಇಲ್ಲ. ಎಪ್ಪತ್ತು–ಎಂಬತ್ತರ ದಶಕದ ಮರ್ಸಿಡಿಸ್ ಡಬ್ಲ್ಯು 123ರಲ್ಲಿ ಅದು ಇದೆ. ಏಸಿ ಇರುವ ಮಾರುತಿ 800ರಲ್ಲೂ ಇದೆ. ಹಾಗಾಗಿ ತನಿಖೆಯ ಮೊದಲ ಹೆಜ್ಜೆಗೆ ಯಾವ ಉಪಕರಣವೂ ಬೇಡ. ಬಾನೆಟ್ ಎತ್ತಿ, ಎಂಜಿನ್ನಿಗೂ ಕಾರಿನ ಒಳಾಂಗಣಕ್ಕೂ ನಡುವಿನ ತಗಡಿನ ಗೋಡೆ ನೋಡಿ. ಹೆಬ್ಬೆರಳು ದಪ್ಪದ ಎರಡು ರಬ್ಬರ್ ಹೋಸುಗಳು ಜೊತೆಜೊತೆಯಾಗಿ ಆ ಗೋಡೆ ತೂರಿ ಒಳಹೋಗಿವೆಯೆ? ಇಲ್ಲವಾದರೆ ಕೂಲಂಟಿನ ಮೇಲಿನ ಅನುಮಾನ ಅಲ್ಲಿಗೇ ಬಿಡಿ. ಕೆಲವು ಗಾಡಿಗಳಲ್ಲಿ ಗೋಡೆಯಿಂದ ಎರಡು ಲೋಹದ ಮೂತಿಗಳು ಹೊರಚಾಚಿರುತ್ತವೆ, ಹೋಸು ಮಾತ್ರ ಇರುವುದಿಲ್ಲ. ಹಿಂದಿನ ಯಾರೋ ಮಾಲೀಕರ ಕಾಲದಲ್ಲಿ ಇದೇ ಸೋರಿಕೆಯಿಂದ ಬೇಸತ್ತ ಮೆಕ್ಯಾನಿಕ್ ಹೀಟರನ್ನೇ ಕಡಿದುಹಾಕಿ ಎಂಜಿನ್ನಿನ ಎರಡು ಬಾಯಿಗಳನ್ನು ಒಂದೇ ಹೋಸಿನಿಂದ ಸೇರಿಸಿರುತ್ತಾನೆ. ಅಂದಿನ ಅವನ ಕೆಲಸ ಇಂದಿನ ನಿಮ್ಮ ಶ್ರಮ ಉಳಿಸಿತು.

ದಾರಿ ಇದೆ ಎಂದಿಟ್ಟುಕೊಳ್ಳೋಣ. ಆದರೂ ಕೂಲಂಟೇ ಕಳ್ಳ ಎಂದು ಹೇಳಲಾಗದು. ಮ್ಯಾಟಿನ ಕೆಳಗೆ ಮೂರು ಕಡೆಯ ನೀರು ಬರಬಹುದು. ಒಂದು ಮಳೆಯದು: ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಬಿಸಿಲಿಗೆ ಒಣಗಿ ಬಿರುಕು ಬಿಟ್ಟು, ಅಥವಾ ವೈಪರಿನ ಕೆಳಗಿನ ತೂತುಗಳಿಗೆ ಬೇವಿನ ಎಲೆ ಕಟ್ಟಿಕೊಂಡು ಒಳಗಿಳಿಯುವುದು. ಇನ್ನೊಂದು ಏಸಿಯದು: ಕೂಲಿಂಗ್ ಕಾಯಿಲ್ ಮೇಲೆ ಗಾಳಿಯ ತೇವ ಹನಿಗಟ್ಟಿ, ಹೊರಹೋಗುವ ನಳಿಕೆ ಕಟ್ಟಿದ್ದರಿಂದ ಒಳಗೇ ಚೆಲ್ಲುವುದು. ಮೂರನೆಯದು ಎಂಜಿನ್ನಿನದು. (ಡ್ರೈವರ್ ಕಾಲಬಳಿ ಜಿಡ್ಡು ಕಂಡರೆ, ಬಣ್ಣ ಎದ್ದಿದ್ದರೆ ಅದು ಬ್ರೇಕ್ ಅಥವಾ ಕ್ಲಚ್ ಆಯಿಲ್. ಅಂಥ ಗಾಡಿಯನ್ನು ಓಡಿಸದೆ ನಿಲ್ಲಿಸುವುದು ಒಳ್ಳೆಯದು.)

ಈ ಮೂರನ್ನೂ ಸಮಯದಿಂದ ಬೇರ್ಪಡಿಸಬಹುದು, ಮತ್ತು ಅದರಲ್ಲಿ ಊರಿನ ಹವೆ ನಮಗೆ ನೆರವಾಗುತ್ತದೆ. ಹಿರಿಯೂರಿನ ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಶಾಖ, 25 ಶೇಕಡ ಆರ್ದ್ರತೆ ಇದೆ ಎನ್ನಿ. ಒಂದು ಘನ ಮೀಟರ್ ಗಾಳಿಯಲ್ಲಿ ಇರುವ ನೀರಾವಿ ಸುಮಾರು 10 ಗ್ರಾಂ. ಐದು ಡಿಗ್ರಿಗೆ ತಣಿದ ಕಾಯಿಲ್ ಮೇಲೆ ಹಾದರೂ ಅದರಲ್ಲಿ ಏಳು ಗ್ರಾಂ ಹತ್ತಿರ ಗಾಳಿಯಲ್ಲೇ ಉಳಿಯುತ್ತದೆ, ಹನಿಯಾಗುವುದು ಮೂರೋ ನಾಲ್ಕೋ ಗ್ರಾಂ. ಅದೇ ದಿನ ಮಂಗಳೂರಿನಲ್ಲಿ 32 ಡಿಗ್ರಿ, 75 ಶೇಕಡ ಆರ್ದ್ರತೆ ಇದ್ದರೆ ಗಾಳಿಯಲ್ಲಿ 25 ಗ್ರಾಂ ನೀರಿರುತ್ತದೆ, ಹದಿನೆಂಟು ಗ್ರಾಂ ಹನಿಯಾಗುತ್ತದೆ. ಅಂದರೆ ಕರಾವಳಿಯವರ ಕಾರಿನಲ್ಲಿ ಏಸಿ ನೀರು ಮೊದಲ ಆರೋಪಿ. ಹಿರಿಯೂರಿನ ಬೇಸಿಗೆಯಲ್ಲಿ ಮ್ಯಾಟ್ ತೊಯ್ದು ತೊಪ್ಪೆಯಾಗುವಷ್ಟು ನೀರನ್ನು ಆ ಒಣಗಾಳಿಯಿಂದ ಹಿಂಡುವುದು ಏಸಿಗೆ ಸುಲಭವಲ್ಲ. ಮಳೆಯೂ ಇಲ್ಲದ ತಿಂಗಳಲ್ಲಿ ಅಲ್ಲಿ ಕಾಲಡಿ ನೀರು ನಿಂತರೆ ಬೆರಳು ತೋರಬೇಕಾದದ್ದು ಎಂಜಿನ್ನಿನ ಕಡೆಗೆ. ಹೊಳಲ್ಕೆರೆಯ ಕಡೆ ಜುಲೈ ತಿಂಗಳಲ್ಲಿ ಜಡಿಮಳೆ ಹಿಡಿದಾಗ ಮಾತ್ರ ಈ ತರ್ಕ ನಡೆಯದು.

ಇನ್ನು ವಾಸನೆ. ಲಂಡನ್ನಿನಲ್ಲೋ ಡೆಟ್ರಾಯಿಟಿನಲ್ಲೋ ಬರೆದ ಕಾರು ರಿಪೇರಿ ಪುಸ್ತಕ ತೆರೆದರೆ ‘ಕಾರಿನೊಳಗೆ ಸಿಹಿ ವಾಸನೆ ಬಂದರೆ ಹೀಟರ್ ಕೋರ್ ಸೋರುತ್ತಿದೆ’ ಎಂಬ ಅರ್ಥದ ಮಾತು ಇದ್ದೇ ಇರುತ್ತದೆ. ಅದು ಎಥಿಲೀನ್ ಗ್ಲೈಕಾಲಿನ ವಾಸನೆ. ನೀರಿಗೆ ಅದನ್ನು ಅರ್ಧಕ್ಕರ್ಧ ಬೆರೆಸಿದರೆ ಮೈನಸ್ 37 ಡಿಗ್ರಿವರೆಗೂ ಹೆಪ್ಪುಗಟ್ಟುವುದಿಲ್ಲ. ಹಿಮ ಬೀಳುವ ದೇಶದಲ್ಲಿ ಅದಿಲ್ಲದೆ ಕಾರು ಓಡದು. ನಮ್ಮಲ್ಲಿ ಎಷ್ಟೋ ಹಳೆಯ ಕಾರುಗಳು ಬರೀ ಬೋರ್‌ವೆಲ್ ನೀರಿನಲ್ಲೇ ಬದುಕು ಸವೆಸಿವೆ. ಅವು ಸೋರಿದರೆ ಸಿಹಿ ವಾಸನೆ ಎಲ್ಲಿಂದ ಬರಬೇಕು? ಪುಸ್ತಕದ ಲಕ್ಷಣ ಕಾಣಲಿಲ್ಲವೆಂದು ಹೀಟರನ್ನು ನಿರ್ದೋಷಿ ಎಂದು ಬಿಟ್ಟುಬಿಡುವವರೇ ಹೆಚ್ಚು.

ವಾಸನೆ ಕೈಕೊಟ್ಟರೆ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಹಾಸಿನಿಂದ ಹಿಂಡಿದ ನೀರು ಇದಕ್ಕೆ ಬೇಡ. ಅದರಲ್ಲಿ ವರ್ಷಗಳ ಧೂಳು, ಚಪ್ಪಲಿ ಮಣ್ಣು ಎಲ್ಲ ಕರಗಿರುತ್ತದೆ. ಹಾಸು ತೆಗೆದು, ತಗಡು ಒರೆಸಿ, ಶುಭ್ರವಾದ ಪ್ಲಾಸ್ಟಿಕ್ ಹಾಳೆ ಹಾಸಿ ಹೊಸ ಹನಿ ಬೀಳುವವರೆಗೆ ಕಾಯಬೇಕು. ಬಿದ್ದ ಹನಿಯನ್ನು ಒಂದು ಸ್ಟೀಲ್ ತಟ್ಟೆಗೆ ಬಿಡಿ. ಪಕ್ಕದಲ್ಲಿ ತಣ್ಣಗಾದ ರೇಡಿಯೇಟರಿನಿಂದ ಒಂದು ಹನಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಹನಿ. ರಾತ್ರಿಯಿಡೀ ನೆರಳಲ್ಲಿ ಬಿಡಿ. ಬೆಳಗ್ಗೆ ನೋಡಿದರೆ ಡಿಸ್ಟಿಲ್ಡ್ ನೀರು ಗುರುತಿಲ್ಲದಂತೆ ಮಾಯವಾಗಿರುತ್ತದೆ. ಮಳೆಯ ನೀರೂ ಏಸಿ ನೀರೂ ಹೆಚ್ಚುಕಡಿಮೆ ಹೀಗೇ, ಏಕೆಂದರೆ ಅವೆರಡೂ ಆವಿಯಾಗಿ ಮತ್ತೆ ನೀರಾದವು. ಬೋರ್‌ವೆಲ್ ನೀರಿನ ಹನಿ ಅಂಚಿನಲ್ಲಿ ಬಿಳಿ ಉಂಗುರ ಬಿಟ್ಟಿರುತ್ತದೆ. ಎಂಜಿನ್ನಿನಲ್ಲಿ ಸುತ್ತಿ ಬಂದಿದ್ದರೆ ಉಂಗುರಕ್ಕೆ ತುಕ್ಕಿನ ಕೆಂಪು. ಗ್ಲೈಕಾಲ್ ಇದ್ದರೆ ಹನಿ ಕುಗ್ಗಿರುತ್ತದೆಯೇ ಹೊರತು ಒಣಗಿರುವುದಿಲ್ಲ. ಕೋಣೆಯ ಶಾಖದಲ್ಲಿ ನೀರಿನ ಆವಿಯೊತ್ತಡಕ್ಕೆ ಹೋಲಿಸಿದರೆ ಗ್ಲೈಕಾಲಿನದು ಸುಮಾರು ಮುನ್ನೂರರಲ್ಲಿ ಒಂದು ಪಾಲು. ನೀರು ಹಾರಿಹೋಗಿ ಅಂಟಂಟಾದ ಪಸೆ ಉಳಿಯುತ್ತದೆ. ಗಾಜಿನ ಒಳಮೈಗೆ ಮಂಜು ಕವಿದಾಗ ಬಟ್ಟೆಯಿಂದ ಒರೆಸಿದರೆ ಹೋಗದೆ ಎಣ್ಣೆಯಂತೆ ಬಳಿದುಕೊಳ್ಳುವುದೂ, ಎಷ್ಟು ಬಿಸಿಲಿಗಿಟ್ಟರೂ ಹಾಸು ಒಣಗದಿರುವುದೂ ಈ ಕಾರಣಕ್ಕೇ.

ನಾಲಿಗೆಯ ಪರೀಕ್ಷೆ ಮಾತ್ರ ಬೇಡವೇ ಬೇಡ. ಗ್ಲೈಕಾಲ್ ಸಿಹಿ ನಿಜ. ಹೊಟ್ಟೆಗೆ ಹೋದರೆ ಯಕೃತ್ತು ಅದನ್ನು ಒಡೆದು ಆಕ್ಸಾಲಿಕ್ ಆಮ್ಲ ಮಾಡುತ್ತದೆ. ಅದು ರಕ್ತದ ಕ್ಯಾಲ್ಸಿಯಮ್ ಜೊತೆ ಸೇರಿ ಹರಳುಗಟ್ಟಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಬಟ್ಟಲಿನಲ್ಲಿ ಹಿಡಿದಿಟ್ಟ ಕೂಲಂಟನ್ನು ನಾಯಿಗಳು ಸಿಹಿಗೆ ಮರುಳಾಗಿ ನೆಕ್ಕಿ ಸಾಯುವುದುಂಟು.

ಈಗ ಆ ಮಧ್ಯಾಹ್ನ ಊಟದ ನಂತರ ಒಂದು ಹನಿಯೂ ಕಾಣದ ವಿಚಿತ್ರಕ್ಕೆ ಬರೋಣ. ಇದು ಅರ್ಥವಾಗಲು ಮೊದಲು ಒತ್ತಡ ಅರ್ಥವಾಗಬೇಕು.

ಚಿತ್ರದುರ್ಗ ಸಮುದ್ರಮಟ್ಟದಿಂದ 730 ಮೀಟರ್ ಆಸುಪಾಸಿನಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಕುದಿಯುವುದು ನೂರಕ್ಕಲ್ಲ, ಸುಮಾರು ತೊಂಬತ್ತೇಳೂವರೆ ಡಿಗ್ರಿಗೆ. ಎಂಜಿನ್ನಿನ ಥರ್ಮೋಸ್ಟ್ಯಾಟ್ ತೆರೆಯುವುದೇ 82ರ ಹತ್ತಿರ. ಏರಿನಲ್ಲಿ, ಬಿಸಿಲಿನಲ್ಲಿ ನೀರು ನೂರು ದಾಟುವುದು ಕಷ್ಟವೇನಲ್ಲ. ಅದು ಕುದಿಯದಂತೆ ಕಾಯುವುದು ರೇಡಿಯೇಟರಿನ ಮುಚ್ಚಳ. ಅದರ ಸ್ಪ್ರಿಂಗು ಕುಕ್ಕರಿನ ವೆಯ್ಟಿನ ಹಾಗೆ ಇಷ್ಟು ಒತ್ತಡದವರೆಗೆ ಬಿಡುವುದಿಲ್ಲ. ಹಳೆಯ ಕಾರುಗಳ ಮುಚ್ಚಳದ ಮೇಲೆ 7 ಎಂದು ಬರೆದಿದ್ದರೆ ಪ್ರತಿ ಚದರ ಅಂಗುಲಕ್ಕೆ 7 ಪೌಂಡ್ ಎಂದರ್ಥ, ಅರ್ಧ ಬಾರ್‌ಗೆ ತುಸು ಕಡಿಮೆ. ಆ ಒತ್ತಡದಲ್ಲಿ ಚಿತ್ರದುರ್ಗದಲ್ಲಿ ನೀರು ಕುದಿಯಲು 109 ಡಿಗ್ರಿ ದಾಟಬೇಕು. ಆಮೇಲಿನ ಕಾರುಗಳ 13 ಪೌಂಡಿನ ಮುಚ್ಚಳದಡಿ 117ರವರೆಗೂ ತಡೆಯುತ್ತದೆ.

ಬಿಸಿ ಎಂಜಿನ್ನಿನ ಮುಚ್ಚಳ ತೆರೆಯಬಾರದು ಎಂಬುದರ ಲೆಕ್ಕವೂ ಇಲ್ಲೇ ಇದೆ. 110 ಡಿಗ್ರಿಯ ಒಂದು ಲೀಟರ್ ನೀರಿನ ಮೇಲಿನ ಒತ್ತಡ ಒಮ್ಮೆಲೇ ಇಳಿದರೆ ಅದು ತೊಂಬತ್ತೇಳೂವರೆಗೆ ತಣಿಯಲೇಬೇಕು. ಹೆಚ್ಚುವರಿ ಶಾಖದಿಂದ ಸುಮಾರು 23 ಗ್ರಾಂ ನೀರು ಆ ಕ್ಷಣದಲ್ಲೇ ಹಬೆಯಾಗುತ್ತದೆ. ಇಪ್ಪತ್ತಮೂರು ಗ್ರಾಂ ಎಂದರೆ ಏನು ಮಹಾ ಅನ್ನಿಸಬಹುದು. ಹಬೆಯಾದಾಗ ಅದರ ಗಾತ್ರ ನಲವತ್ತು ಲೀಟರ್. ಉಳಿದ ಕುದಿನೀರನ್ನು ಮುಖಕ್ಕೆ ಎರಚಲು ಅಷ್ಟು ಧಾರಾಳ ಸಾಕು.

ಈ ಒತ್ತಡವೇ ಹೀಟರ್ ಕೋರಿನ ಒಳಗೂ ಇರುತ್ತದೆ. ಕೋರಿನ ತೆಳು ನಳಿಕೆಯಲ್ಲಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು, ಅಂದರೆ ದಪ್ಪ ಕೂದಲಿನಷ್ಟು ಅಗಲದ ಒಂದು ತೂತು ಬಿದ್ದಿದೆ ಎಂದುಕೊಳ್ಳಿ. 7 ಪೌಂಡ್ ಒತ್ತಡದಲ್ಲಿ ನೀರು ಅದರಿಂದ ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯಾದರೂ ಗಂಟೆಗೆ 150 ಮಿಲಿಲೀಟರ್ ಮೀರುತ್ತದೆ. ಒಂದು ಚಿಕ್ಕ ಲೋಟ ತುಂಬಾ.

ಕಾರು ತಣ್ಣಗಾಯಿತು. ಒತ್ತಡ ಇಳಿಯಿತು. ಈಗ ಆ ತೂತಿನ ಹಿಂದೆ ಉಳಿದಿರುವುದು ರೇಡಿಯೇಟರಿನ ನೀರಿನ ಮಟ್ಟಕ್ಕೂ ಕೋರಿಗೂ ಇರುವ ಎತ್ತರದ ವ್ಯತ್ಯಾಸ ಮಾತ್ರ, ನಾಲ್ಕೋ ಐದೋ ಅಂಗುಲ. ಹತ್ತು ಸೆಂಟಿಮೀಟರ್ ನೀರು ತಳ್ಳುವ ಬಲಕ್ಕೆ ಎದುರಾಗಿ ತೂತಿನ ಬಾಯಲ್ಲಿ ನೀರಿನ ಮೇಲ್ಮೈ ಎಳೆತ ನಿಂತಿದೆ. ಆ ಅಳತೆಯ ತೂತಿನಲ್ಲಿ ಅದು ಸುಮಾರು 29 ಸೆಂಟಿಮೀಟರ್ ಎತ್ತರದ ನೀರನ್ನು ತಡೆದು ನಿಲ್ಲಿಸಬಲ್ಲದು. ಹಾಗಾಗಿ ಒಂದು ಹನಿಯೂ ಬೀಳುವುದಿಲ್ಲ. ತೂತು ತೆರೆದೇ ಇದೆ, ನೀರು ಅದರ ಹಿಂದೆಯೇ ಇದೆ, ಆದರೂ ಸೋರದು. ಊಟ ಮುಗಿಸಿ ಬಂದು ಟಾರ್ಚ್ ಬಿಟ್ಟವನಿಗೆ ಕಾಣುವುದು ಈ ಸ್ಥಿತಿ.

ನೋಡಬೇಕಾದ ಹೊತ್ತು ಬೇರೆ. ಹಿರಿಯೂರಿನಿಂದ ಹೆದ್ದಾರಿಯಲ್ಲಿ ಒಂದೇ ಸಮ ಬಂದು ಚಿತ್ರದುರ್ಗದಲ್ಲಿ ಎಂಜಿನ್ ಆಫ್ ಮಾಡಿದಿರಿ ಎನ್ನಿ. ಮೀಟರಿನ ಮುಳ್ಳು ಅಲ್ಲಿಂದ ಇಳಿಯತೊಡಗುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆಗುವುದು ಉಲ್ಟಾ. ಎಂಜಿನ್ ನಿಂತಾಗ ವಾಟರ್ ಪಂಪೂ ನಿಂತಿತು, ಫ್ಯಾನಿನ ಗಾಳಿಯೂ ನಿಂತಿತು. ಆದರೆ ಎರಕದ ಕಬ್ಬಿಣದ ಬ್ಲಾಕಿನಲ್ಲಿ ತುಂಬಿರುವ ಶಾಖ ತನ್ನ ಸುತ್ತ ನಿಂತ ನೀರಿಗೆ ಇಳಿಯುತ್ತಲೇ ಇರುತ್ತದೆ. ಮುಂದಿನ ಹತ್ತು ಹದಿನೈದು ನಿಮಿಷ ಬ್ಲಾಕಿನ ನೀರು ಇನ್ನೂ ಬಿಸಿಯಾಗುತ್ತದೆ, ಒತ್ತಡ ಏರುತ್ತದೆ. ಇಡೀ ದಿನದಲ್ಲಿ ಸೋರಿಕೆ ಎದ್ದು ಕಾಣುವುದು ಈ ಗಳಿಗೆಯಲ್ಲಿ. ಉಳಿದವರು ಚಹಾಕ್ಕೆ ಇಳಿದಾಗ ನೀವು ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಬೇಕು. ಹೋಟೆಲಿನವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಇದಕ್ಕೆ ವಿರುದ್ಧವಾಗಿ ನಡೆಯುವ ಸೋರಿಕೆಯೂ ಉಂಟು. ಡಿಸೆಂಬರಿನ ಬೆಳಗಿನ ಜಾವ ಹೊಸದುರ್ಗದ ತೋಟದ ಮನೆಯೆದುರು ನಿಂತ ಕಾರಿನಲ್ಲಿ ಮ್ಯಾಟ್ ಒದ್ದೆ, ಹತ್ತು ಕಿಲೋಮೀಟರ್ ಓಡಿದ ಮೇಲೆ ಸೋರುವುದೇ ಇಲ್ಲ. ಇದು ಹೋಸಿನ ಕ್ಲಿಪ್ ಬಳಿಯ ಸೋರಿಕೆ. ಲೋಹಕ್ಕಿಂತ ರಬ್ಬರ್ ಎಷ್ಟೋ ಪಟ್ಟು ಹೆಚ್ಚು ಹಿಗ್ಗುತ್ತದೆ, ಕುಗ್ಗುತ್ತದೆ. ಹೊಸ ರಬ್ಬರ್ ಕುಗ್ಗಿದರೂ ಮೆತ್ತಗಿರುವುದರಿಂದ ಮೂತಿಗೆ ಅಂಟಿಕೊಂಡೇ ಇರುತ್ತದೆ. ಇಪ್ಪತ್ತು ವರ್ಷ ಬೆಂದ ರಬ್ಬರ್ ಗಡುಸಾಗಿರುತ್ತದೆ. ಚಳಿಗೆ ಕುಗ್ಗಿದಾಗ ಕ್ಲಿಪ್ಪಿನಡಿ ಕೂದಲೆಳೆ ಸಂದು ಬಿಡುತ್ತದೆ, ಬಿಸಿಯಾದಾಗ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಬಿಸಿಯಲ್ಲಿ ಸೋರುವುದು ಕೋರು, ಚಳಿಯಲ್ಲಿ ಸೋರುವುದು ಜೋಡಣೆ. ಸೂತ್ರ ನೂರಕ್ಕೆ ನೂರು ನಿಜವಲ್ಲ, ಆದರೆ ಮೊದಲು ಯಾವುದನ್ನು ಬಿಚ್ಚಬೇಕು ಎಂದು ಹೇಳುತ್ತದೆ. ಎರಡು ನಿಮಿಷದಲ್ಲಿ ಕ್ಲಿಪ್ ಬಿಗಿಮಾಡುವ ಕೆಲಸಕ್ಕೂ ಇಡೀ ಡ್ಯಾಶ್‌ಬೋರ್ಡ್ ಕಳಚುವ ಎರಡು ದಿನದ ಕೆಲಸಕ್ಕೂ ಇರುವ ಅಂತರ ಕಡಿಮೆಯದಲ್ಲ.

ಹೀಟರ್ ಹಾಕುವುದೇ ಇಲ್ಲ, ಅದು ಹೇಗೆ ಸೋರೀತು ಎಂದು ಕೇಳುವವರಿದ್ದಾರೆ. ಎಷ್ಟೋ ಕಾರುಗಳಲ್ಲಿ ಹೀಟರಿನ ಗುಬ್ಬಿ ತಿರುಗಿಸಿದಾಗ ಮುಚ್ಚುವುದು ಗಾಳಿಯ ಬಾಗಿಲು ಮಾತ್ರ, ಬಿಸಿನೀರು ಕೋರಿನಲ್ಲಿ ಸುತ್ತುತ್ತಲೇ ಇರುತ್ತದೆ. ವಾಲ್ವ್ ಇರುವ ಹಳೆಯ ಕಾರುಗಳಲ್ಲೂ ಅದು ಒಳಬರುವ ಹೋಸನ್ನಷ್ಟೇ ಮುಚ್ಚುತ್ತದೆ. ಮರಳಿ ಹೋಗುವ ಹೋಸು ಎಂಜಿನ್ನಿಗೆ ತೆರೆದೇ ಇರುವುದರಿಂದ ಅಲ್ಲಿನ ಒತ್ತಡವೆಲ್ಲ ಕೋರಿಗೂ ಉಂಟು. ಬಳಸದ ಹೀಟರೇ ಬೇಗ ಕೆಡುತ್ತದೆ ಎನ್ನುವುದಕ್ಕೂ ಕಾರಣ ಇದೆ. ವಾಲ್ವ್ ಮುಚ್ಚಿದಾಗ ಕೋರಿನಲ್ಲಿ ನಿಂತ ನೀರಿನಲ್ಲಿ ತಳಕ್ಕೆ ಇಳಿಯುವ ಕೆಸರು ಅದರ ಸಣ್ಣ ನಳಿಕೆಗಳಲ್ಲೇ ಗೂಡು ಕಟ್ಟುತ್ತದೆ.

ಆ ಕೆಸರಿನ ಕತೆ ಈ ಜಿಲ್ಲೆಯ ನೆಲದ ಕತೆಯೂ ಹೌದು. ಚಿತ್ರದುರ್ಗ ಪೇಟೆಯ ನಲ್ಲಿಗಳಿಗೆ ವಾಣಿವಿಲಾಸ ಸಾಗರ ಮತ್ತು ಶಾಂತಿಸಾಗರದಿಂದ ಕೆರೆಯ ನೀರು ಬರುತ್ತದೆ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡ ಕಟ್ಟಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಅಣೆಕಟ್ಟು 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ ಎಂದರೆ ಇಲ್ಲಿನ ಮಳೆಯ ಹಣೆಬರಹ ತಿಳಿಯುತ್ತದೆ. ಕೆರೆಯ ನೀರು ಸಿಗದಲ್ಲಿ ಬೋರ್‌ವೆಲ್ಲೇ ಗತಿ. ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕ್ಯಾಲ್ಸಿಯಮ್, ಮೆಗ್ನೀಸಿಯಮ್ಮುಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ. ಇದೇ ಕಲ್ಲುಗಳು ಹಲವು ಹಳ್ಳಿಗಳ ನೀರಿಗೆ ಫ್ಲೋರೈಡನ್ನೂ ಕೊಟ್ಟಿವೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ.

ಸಕ್ಕರೆ, ಉಪ್ಪು ಬಿಸಿನೀರಿನಲ್ಲಿ ಹೆಚ್ಚು ಕರಗುತ್ತವೆ. ಕ್ಯಾಲ್ಸಿಯಮ್ ಕಾರ್ಬೊನೇಟ್ ಹಾಗಲ್ಲ, ಬಿಸಿಯಾದಷ್ಟೂ ನೀರಿನಿಂದ ಹೊರಬರುತ್ತದೆ. ಬಚ್ಚಲ ಹಂಡೆಯ ತಳದಲ್ಲಿ ಕೆರೆದು ತೆಗೆಯುವ ಬಿಳಿ ಪೊರೆ ಅದೇ. ಎಂಜಿನ್ನಿನಲ್ಲೂ ಅದು ಅತ್ಯಂತ ಬಿಸಿ ಇರುವ ಜಾಗವನ್ನೇ ಹುಡುಕಿ ಕೂರುತ್ತದೆ. ಹಿತ್ತಾಳೆಗೆ ಹೋಲಿಸಿದರೆ ಆ ಪೊರೆ ಶಾಖವನ್ನು ಸಾಗಿಸುವುದು ಐವತ್ತರಲ್ಲಿ ಒಂದು ಪಾಲು. ಒಂದು ಮಿಲಿಮೀಟರ್ ಪೊರೆ ಕೂತರೆ ಐದು ಸೆಂಟಿಮೀಟರ್ ದಪ್ಪದ ಹಿತ್ತಾಳೆ ಗೋಡೆ ಎದ್ದಂತೆ ಲೆಕ್ಕ.

ತುಂಬಿದ ನೀರು ಹಾಗೇ ಇದ್ದರೆ ಇದು ದೊಡ್ಡ ಸಂಗತಿಯಲ್ಲ. ಎಂಟು ಲೀಟರ್ ನೀರಿನಲ್ಲಿ, ಲೀಟರಿಗೆ 500 ಮಿಲಿಗ್ರಾಂ ಗಡಸುತನವಿದ್ದರೂ, ಒಟ್ಟು ಇರುವುದು ನಾಲ್ಕು ಗ್ರಾಂ. ಅದಿಳಿದ ಮೇಲೆ ಮುಗಿಯಿತು. ಆದರೆ ಸೋರುವ ಕಾರಿಗೆ ವಾರಕ್ಕೊಂದು ಲೀಟರ್ ತುಂಬುತ್ತಿದ್ದರೆ ವರ್ಷಕ್ಕೆ 26 ಗ್ರಾಂ ಗಡಸು ಒಳಸೇರುತ್ತದೆ. ಜೊತೆಗೆ ಪ್ರತಿ ಲೀಟರಿನಲ್ಲೂ ಕರಗಿದ ಹೊಸ ಆಮ್ಲಜನಕ ಬಂದು ತುಕ್ಕಿಗೆ ಮೇವಾಗುತ್ತದೆ. ‘ದಿನಾ ಬೆಳಗ್ಗೆ ಸ್ವಲ್ಪ ನೀರು ಹಾಕ್ಕೊಂಡ್ರೆ ಆಯ್ತು ಬಿಡಿ’ ಎಂಬ ಸಲಹೆ ಕೊಡುವವರು ಸಣ್ಣ ಸೋರಿಕೆಯನ್ನು ಸಾಕಿ ದೊಡ್ಡದು ಮಾಡುತ್ತಿದ್ದಾರೆ.

ಗಡಸು ನೀರಿಗೂ ಕೂಲಂಟಿಗೂ ಹೊಂದಾಣಿಕೆಯಿಲ್ಲದ ಪ್ರಸಂಗವೂ ಇದೆ. ಕೂಲಂಟಿನಲ್ಲಿ ಗ್ಲೈಕಾಲ್ ಜೊತೆ ತುಕ್ಕು ತಡೆಯುವ ರಾಸಾಯನಿಕಗಳಿರುತ್ತವೆ. ಜಪಾನಿನ ತಯಾರಕರು ಅದಕ್ಕೆ ಫಾಸ್ಫೇಟ್ ಸೇರಿಸುವುದನ್ನು ಇಷ್ಟಪಟ್ಟರೆ ಯುರೋಪಿನವರು ಅದನ್ನು ದೂರವಿಟ್ಟರು. ಯುರೋಪಿನ ಬಹುಪಾಲು ನೀರು ಗಡಸು, ಕ್ಯಾಲ್ಸಿಯಮ್ ಜೊತೆ ಫಾಸ್ಫೇಟ್ ಸೇರಿದರೆ ಗಸಿಯಾಗಿ ಕೂರುತ್ತದೆ. ದುಬಾರಿ ಕೂಲಂಟ್ ಕೊಂಡು ಬೋರ್‌ವೆಲ್ ನೀರಿನಲ್ಲಿ ಕಲಸಿದರೆ ಆಗುವುದೂ ಅದೇ. ಐದು ಲೀಟರ್ ಡಿಸ್ಟಿಲ್ಡ್ ವಾಟರಿಗೆ ಕೊಡುವ ದುಡ್ಡು ದಂಡವಲ್ಲ.

ಹಳೆಯ ಕಾರುಗಳ ಕೋರು ತಾಮ್ರ, ಹಿತ್ತಾಳೆಗಳದು. ಚಿತ್ರದುರ್ಗದವರಿಗೆ ತಾಮ್ರ ದೂರದ ಲೋಹವಲ್ಲ. ಪಕ್ಕದ ಇಂಗಳದಾಳದ ಗುಡ್ಡಗಳಲ್ಲಿ ಅದರ ಗಣಿ ನಡೆದಿತ್ತು. ತಾಮ್ರ ತಾನಾಗಿ ಸುಲಭಕ್ಕೆ ಸವೆಯುವುದಿಲ್ಲ. ಸೋಲುವುದು ಅದರ ನಳಿಕೆಗಳನ್ನು ಕೂಡಿಸಿರುವ ಸೀಸ–ತವರದ ಬೆಸುಗೆ. ವರ್ಷಾನುಗಟ್ಟಲೆ ಬದಲಿಸದ ಗ್ಲೈಕಾಲ್ ಬಿಸಿಗೆ ಒಡೆದು ಆಮ್ಲೀಯವಾಗುತ್ತದೆ. ಆ ಆಮ್ಲ ಸೀಸವನ್ನು ತಿನ್ನುತ್ತದೆ, ಬೆಸುಗೆಯ ಮೇಲೆ ಬಿಳಿಯ ಬೂಷ್ಟು ಹಿಡಿದಂತೆ ಪುಡಿ ಏಳುತ್ತದೆ. ರೇಡಿಯೇಟರಿನ ಬಾಯಲ್ಲಿ ಇಣುಕಿ ನೋಡಿದಾಗ ನಳಿಕೆಗಳ ತುದಿಯಲ್ಲಿ ಇಂಥ ಬಿಳಿ ಹೂ ಕಂಡರೆ, ಕಣ್ಣಿಗೆ ಕಾಣದ ಹೀಟರ್ ಕೋರಿನ ಒಳಗೂ ಅದು ಅರಳಿದೆ ಎಂದು ನಂಬಬಹುದು. ಒಂದಕ್ಕೊಂದು ಅಣ್ಣತಮ್ಮಂದಿರು, ಕುಡಿಯುವ ನೀರೂ ಒಂದೇ.

ಅನುಮಾನ ಗಟ್ಟಿಯಾದ ಮೇಲೆ ಸಾಕ್ಷಿ ಬೇಕು. ಕೆಲವು ಗ್ಯಾರೇಜುಗಳಲ್ಲಿ ರೇಡಿಯೇಟರಿನ ಬಾಯಿಗೆ ಕೂರಿಸುವ ಕೈಪಂಪೂ ಮೀಟರೂ ಇರುತ್ತದೆ. ತಣ್ಣನೆಯ ಎಂಜಿನ್ನಿಗೇ ಮುಚ್ಚಳದ ಮೇಲೆ ಬರೆದಷ್ಟು ಗಾಳಿಯೊತ್ತಡ ಕೊಟ್ಟು ಕಾಯುತ್ತಾರೆ. ಬಿಸಿಯಿಲ್ಲದೆ ಬಿಸಿಯ ಹೊತ್ತನ್ನು ಸೃಷ್ಟಿಸುವ ಉಪಾಯ ಇದು. ಮೇಲ್ಮೈ ಎಳೆತ ಸೋಲುತ್ತದೆ, ಮುಳ್ಳು ಇಳಿಯುತ್ತದೆ, ಕೂದಲಗಲದ ತೂತು ಮಧ್ಯಾಹ್ನದ ಊಟದ ನಂತರವೂ ಬಾಯಿಬಿಡುತ್ತದೆ.

ಇನ್ನೊಂದು ಸಾಧನ ಬಣ್ಣ. 1871ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ತಯಾರಿಸಿದ ಫ್ಲೋರೆಸಿನ್ ಎಂಬ ಬಣ್ಣ ಎಷ್ಟು ತೆಳುವಾಗಿ ಬೆರೆತರೂ ನೀಲಿ ಅಥವಾ ನೇರಳಾತೀತ ಬೆಳಕಿಗೆ ಹಸಿರಾಗಿ ಹೊಳೆಯುತ್ತದೆ. ಆರು ವರ್ಷಗಳಲ್ಲೇ ಅದು ಒಂದು ದೊಡ್ಡ ಸೋರಿಕೆಯನ್ನು ಪತ್ತೆಹಚ್ಚಿತು. ಡ್ಯಾನ್ಯೂಬ್ ನದಿ ಇಮ್ಮೆಂಡಿಂಗೆನ್ ಎಂಬಲ್ಲಿ ಸುಣ್ಣಕಲ್ಲಿನ ಬಿರುಕುಗಳೊಳಗೆ ಇಂಗಿಹೋಗುತ್ತಿತ್ತು. ಆ ನೀರೇ ದಕ್ಷಿಣದ ಆಖ್ ಬುಗ್ಗೆಯಲ್ಲಿ ಏಳುತ್ತದೆಯೇ ಎಂಬುದು ವಿವಾದ. 1877ರ ಅಕ್ಟೋಬರಿನಲ್ಲಿ ಅಡಾಲ್ಫ್ ಕ್ನೊಪ್ ಎಂಬ ವಿಜ್ಞಾನಿ ಹತ್ತು ಕಿಲೋ ಬಣ್ಣವನ್ನು ನದಿ ಇಂಗುವ ಕಡೆ ಸುರಿಸಿದರು. ಸುಮಾರು 60 ಗಂಟೆಗಳ ನಂತರ ಹನ್ನೆರಡು ಕಿಲೋಮೀಟರ್ ಆಚೆಯ ಬುಗ್ಗೆ ಹಸಿರಾಗಿ ಹರಿಯಿತು. ಕಪ್ಪು ಸಮುದ್ರಕ್ಕೆ ಹೋಗಬೇಕಾದ ನೀರು ರೈನ್ ನದಿ ಸೇರುತ್ತಿತ್ತು. ಇಂದು ಕಣ್ಣಿನ ಡಾಕ್ಟರು ಕರಿಗುಡ್ಡೆಯ ಗೀರು ಹುಡುಕಲು ಹಾಕುವ ಹಳದಿ ಹನಿಯೂ ಇದೇ. ಹಸಿರು ಕೂಲಂಟುಗಳಲ್ಲಿ ಹಲವಕ್ಕೆ ಬಣ್ಣ ಬಂದದ್ದೂ ಇದರಿಂದಲೇ. ಅಂಗಡಿಗಳಲ್ಲಿ ನೋಟು ಪರೀಕ್ಷಿಸಲು ಇಟ್ಟುಕೊಳ್ಳುವ ನೇರಳೆ ಟಾರ್ಚನ್ನು ಕತ್ತಲಲ್ಲಿ ಡ್ಯಾಶ್‌ಬೋರ್ಡಿನಡಿ ಬಿಟ್ಟರೆ ನೀರು ಹರಿದ ಗೆರೆ ಹೊಳೆಯುತ್ತದೆ. ಆ ಗೆರೆಯನ್ನು ಮೇಲ್ಮುಖವಾಗಿ ಹಿಂಬಾಲಿಸಬೇಕು. ನೀರು ವೈರಿಂಗ್ ಕಟ್ಟಿನ ಗುಂಟ ಒಂದೂವರೆ ಅಡಿ ದೂರ ಸಾಗಿ ಬಿದ್ದಿರಬಹುದು. ಹನಿ ಬಿದ್ದ ಜಾಗದ ನೇರ ಮೇಲೆಯೇ ತೂತು ಇರಬೇಕೆಂದಿಲ್ಲ.

ಪಂಪೂ ಇಲ್ಲ, ಬಣ್ಣವೂ ಇಲ್ಲ ಎಂದಾದರೆ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಪರೀಕ್ಷೆ ಒಂದಿದೆ. ತಣ್ಣಗಿರುವಾಗ ಎರಡೂ ಹೀಟರ್ ಹೋಸುಗಳನ್ನು ತಗಡಿನ ಗೋಡೆಯ ಬಳಿ ಬಿಚ್ಚಿ, ಒಂದು ಗೇಣುದ್ದದ ಪೈಪು ತುಂಡಿನಿಂದ ಒಂದಕ್ಕೊಂದು ಸೇರಿಸಿ ಕ್ಲಿಪ್ ಹಾಕಿ. ಈಗ ಕೋರು ನೀರಿನ ಸುತ್ತಿನಿಂದ ಹೊರಗೆ. ಒಳಗಿನ ಹಾಸು ಒಣಗಿಸಿ, ರೇಡಿಯೇಟರಿನ ಮಟ್ಟ ಗುರುತು ಮಾಡಿ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸುತ್ತಿ ಒಂದು ಹಗಲು ಓಡಿಸಿ ಬನ್ನಿ. ಹಾಸು ಒಣಗಿದ್ದು ಮಟ್ಟವೂ ಇಳಿಯದಿದ್ದರೆ ಕೋರೇ ತಪ್ಪಿತಸ್ಥ. ಹಾಸು ಒದ್ದೆಯಾಗಿದ್ದರೆ ಬೀಡಿಂಗನ್ನೋ ಏಸಿ ನಳಿಕೆಯನ್ನೋ ನೋಡಿಕೊಳ್ಳಿ. ಮಲೆನಾಡಿನ ಚಳಿಗೆ ಹೋಗದವರು ಇದನ್ನೇ ಕಾಯಂ ರಿಪೇರಿ ಎಂದು ಬಿಟ್ಟುಬಿಟ್ಟರೂ ನಾನು ಆಕ್ಷೇಪಿಸುವುದಿಲ್ಲ.

ಆಕ್ಷೇಪ ಇರುವುದು ಅರಿಶಿನದ ಬಗ್ಗೆ. ರೇಡಿಯೇಟರಿಗೆ ಒಂದು ಹಿಡಿ ಅರಿಶಿನ ಪುಡಿ ಹಾಕಿ ಸೋರಿಕೆ ನಿಲ್ಲಿಸುವುದು ಲಾರಿಯವರ ಹಳೆಯ ಯುಕ್ತಿ. ನೀರಿನಲ್ಲಿ ಕರಗದ ಪುಡಿ ಹರಿವಿನ ಜೊತೆ ಬಂದು ತೂತಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ನಡುದಾರಿಯಲ್ಲಿ ಊರು ಮುಟ್ಟಲು ಸರಿ. ಆದರೆ ಯಾವುದು ತೂತು, ಯಾವುದು ಸಣ್ಣ ನಳಿಕೆ ಎಂಬ ಭೇದ ಆ ಪುಡಿಗೆ ತಿಳಿಯದು. ಅತ್ಯಂತ ಸಣ್ಣ ನಳಿಕೆಗಳಿರುವುದು ಹೀಟರ್ ಕೋರಿನಲ್ಲೇ.

ಕೋರನ್ನು ಕಳಚಿ ತೆಗೆದವರು ರೇಡಿಯೇಟರ್ ಕೆಲಸದವರಲ್ಲಿ ಬೆಸುಗೆ ಹಾಕಿಸಬಹುದು. ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಕೊಟ್ಟಾಗ ಗುಳ್ಳೆ ಎಲ್ಲಿಂದ ಬರುತ್ತದೆ ಎಂದು ನೀವೇ ನಿಂತು ನೋಡಿ. ಒಂದೇ ಕಡೆಯಾದರೆ ಬೆಸುಗೆ ಸಾಕು, ನಾಲ್ಕಾರು ಕಡೆ ಎದ್ದರೆ ಕೋರು ಮುಗಿದಿದೆ. ಮರಳಿ ಕೂರಿಸುವಾಗ ಎರಡೂ ಹೋಸು ಹೊಸದಾಗಿರಲಿ. ಬೆಸುಗೆಯಿರುವ ಹಳೆಯ ಕೋರುಗಳಿಗೆ ಹಳೆಯ ಬಗೆಯ ಹಸಿರು ಕೂಲಂಟೇ ಒಳ್ಳೆಯದು ಎಂಬುದು ಬಹಳಷ್ಟು ಹಳೆ ಕಾರಿನವರ ಅಭಿಪ್ರಾಯ, ನನ್ನದೂ ಹೌದು. ಅದನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಇಷ್ಟಾದ ಮೇಲೂ ಒಂದು ಸಾಧ್ಯತೆ ಉಳಿಯುತ್ತದೆ. ಹೀಟರ್ ಸುತ್ತಿನಿಂದ ಹೊರಗಿದೆ, ಹಾಸು ಒಣಗಿದೆ, ಕಾರಿನಡಿ ಒಂದು ಹನಿ ಇಲ್ಲ, ಆದರೆ ರೇಡಿಯೇಟರಿನ ಮಟ್ಟ ಇಳಿಯುತ್ತಲೇ ಇದೆ. ಆಗ ನೀರು ಎಂಜಿನ್ನಿನ ಸಿಲಿಂಡರಿನೊಳಗೆ ಹೋಗಿ ಸೈಲೆನ್ಸರಿನಿಂದ ಹಬೆಯಾಗಿ ಹೊರಡುತ್ತಿರಬಹುದು. ಹೆಡ್ ಗ್ಯಾಸ್ಕೆಟ್ ಸುಟ್ಟಿದ್ದರೆ ನೀರು ಅತ್ತ ಹೋಗುವಂತೆ ಉರಿದ ಅನಿಲ ಇತ್ತ ಬರುತ್ತದೆ. ರೇಡಿಯೇಟರಿನ ಬಾಯಿಯ ಗಾಳಿಯನ್ನು ಕಾಲೇಜಿನ ಲ್ಯಾಬಿನಲ್ಲಿ ಸಿಗುವ ಬ್ರೋಮೊಥೈಮಾಲ್ ಬ್ಲೂ ದ್ರಾವಣದ ಮೂಲಕ ಹಾಯಿಸಿದರೆ ಇಂಗಾಲದ ಡೈಆಕ್ಸೈಡಿಗೆ ನೀಲಿ ಹಳದಿಯಾಗುತ್ತದೆ. ಹಳದಿಯಾದರೆ ಮ್ಯಾಟನ್ನು ಮತ್ತೆ ಹಾಸಿ, ಸ್ಪ್ಯಾನರುಗಳನ್ನು ಬಾನೆಟ್ ಕಡೆಗೆ ಒಯ್ಯಬೇಕು. ಸಿಲಿಂಡರ್ ಹೆಡ್ ಬಿಚ್ಚುವ ಕೆಲಸ ಮುಂದಿನ ಅಧ್ಯಾಯದಲ್ಲಿದೆ.